ಒಂದು ಕೆಜಿ ಕಮ್ಮಿ

ಹೊಸದಾಗಿ ಅಂಗನವಾಡಿಗೆ ಸೇರಿದ ಹುಡುಗಿಯರು ನನ್ನ ಹತ್ತಿರ ಬಂದರೆ ಮೊದಲು ಕೇಳುವುದು, ಅಳುವ ಮಕ್ಕಳನ್ನು ಸುಮ್ಮನಿರಿಸುವುದು ಹೇಗೆ ಟೀಚರ್ ಅಂತ. ಮಕ್ಕಳದ್ದು ಬಿಡಿ. ಅವು ಅರ್ಧ ಗಂಟೆ ಅತ್ತು, ಮೂಗು ಒರೆಸಿಕೊಂಡು, ಪಕ್ಕದ ಮಗುವಿನ ಬಳಪ ಕಸಿದುಕೊಳ್ಳುವ ಹೊತ್ತಿಗೆ ಸರಿಹೋಗುತ್ತವೆ. ಕಿಟಕಿಯ ಆಚೆ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವ ಅಜ್ಜಿಯರನ್ನು ಏನು ಮಾಡುತ್ತೀರಿ? ಯಾವ ತರಬೇತಿಯಲ್ಲೂ ಅದಕ್ಕೆ ಉತ್ತರ ಹೇಳಿಕೊಡಲಿಲ್ಲ. ನನ್ನ ಮೂವತ್ತು ವರ್ಷದ ಕೆಲಸದಲ್ಲಿ ಬಂದ ಕಷ್ಟಗಳೆಲ್ಲ ಅಜ್ಜಿಯರಿಂದಲೇ ಬಂದವು. ನನ್ನನ್ನು ಉಳಿಸಿದ್ದೂ ಒಬ್ಬ ಅಜ್ಜಿಯೇ, ಅದೂ ನನ್ನ ಅತ್ತೆ. ಅದನ್ನು ಹೇಳಲೆಂದೇ ಬರೆಯಲು ಕೂತಿದ್ದೇನೆ.

ಬಡ್ತಿಯ ಕಥೆ ನನ್ನಲ್ಲಿಲ್ಲ. ಸೇರಿದ ದಿನ ಟೀಚರ್, ಬಿಟ್ಟ ದಿನವೂ ಟೀಚರ್. ನಡುವೆ ಬದಲಾದದ್ದು ಚಾಪೆಗಳು ಮಾತ್ರ. ಬೀಳ್ಕೊಡುಗೆಯ ದಿನ ಒಂದು ಶಾಲು, ಒಂದು ಗೋಡೆ ಗಡಿಯಾರ ಕೊಟ್ಟರು. ಗಡಿಯಾರ ಹತ್ತು ನಿಮಿಷ ಮುಂದೆ ಓಡುತ್ತದೆ. ನಾನು ದಿನಾ ಹತ್ತು ನಿಮಿಷ ತಡವಾಗಿ ಹೋಗುತ್ತಿದ್ದುದನ್ನು ನೆನಪಿಟ್ಟುಕೊಂಡು ಆರಿಸಿ ತಂದರೋ ಏನೋ.

ನನ್ನ ಹೆಸರು ಓಮನಾ. ಹುಟ್ಟಿದ್ದು ಗಡಿಯಾಚೆ, ಮಾನಂದವಾಡಿ ಕಡೆ. ಅಪ್ಪನದು ರಸ್ತೆ ಬದಿಯಲ್ಲಿ ಒಂದು ಚಹಾ ಅಂಗಡಿ. ಹುಣಸೂರು ತಾಲ್ಲೂಕಿನ ಮಹದೇವ ಶುಂಠಿ ಲಾರಿ ಓಡಿಸಿಕೊಂಡು ಬಾವಲಿ ಚೆಕ್‌ಪೋಸ್ಟ್ ದಾಟಿ ನಮ್ಮ ಕಡೆ ಬರುತ್ತಿದ್ದರು. ನಮ್ಮ ಅಂಗಡಿಯಲ್ಲಿ ಅಷ್ಟು ಚಹಾ ಕುಡಿದ ಡ್ರೈವರ್ ಇನ್ನೊಬ್ಬರಿಲ್ಲ. ಚಹಾ ಅಷ್ಟೇನೂ ಚೆನ್ನಾಗಿರಲಿಲ್ಲ ಎನ್ನುವುದು ಅಪ್ಪನಿಗೆ ತಡವಾಗಿ ಹೊಳೆಯಿತು. ಅಷ್ಟು ಹೊತ್ತಿಗೆ ನಾನು ಗಾವಡಗೆರೆ ಹೋಬಳಿಯ ಒಂದು ಹಳ್ಳಿಯಲ್ಲಿ, ಮೇಲ್ಬೀದಿಯ ಶಿವಭಕ್ತರ ಮನೆಯ ಹೊಸ್ತಿಲಲ್ಲಿ ನಿಂತಿದ್ದೆ. ಜನ ವಿಮಾನ ಹತ್ತಿ ಪರದೇಶಕ್ಕೆ ಹೋಗುತ್ತಾರೆ. ನಾನು ಶುಂಠಿ ಮೂಟೆಗಳ ಮುಂದೆ ಕೂತು ಬಂದೆ. ಪರದೇಶ ಪರದೇಶವೇ.

ಮೊದಲ ದಿನ ಅತ್ತೆ ಗುರುಮಲ್ಲಮ್ಮ ತಟ್ಟೆಯಲ್ಲಿ ರಾಗಿ ಮುದ್ದೆ ಇಟ್ಟರು. ನಾನು ಮುರಿದು ಬಾಯಿಗಿಟ್ಟು ಅಗಿಯತೊಡಗಿದೆ. ಅಗಿದೆ, ಅಗಿದೆ, ಅದು ಹಲ್ಲಿಗಂಟಿಕೊಂಡು ಬಾಯಿ ತೆರೆಯಲಾಗದೆ ಕಣ್ಣಲ್ಲಿ ನೀರು ಬಂತು. ಪಕ್ಕದ ಮನೆಯವರು ಬಂದರು, ಎದುರು ಮನೆಯವರು ಬಂದರು. ಮುದ್ದೆ ಅಗಿಯುವ ಸೊಸೆಯನ್ನು ನೋಡಲು ಅರ್ಧ ಬೀದಿ ಸೇರಿತು.

"ನುಂಗವ್ವ, ಅಗೀಬ್ಯಾಡ! ನುಂಗು!" ಎಂದು ಅತ್ತೆ ತಲೆ ಚಚ್ಚಿಕೊಂಡರು. "ಇದ್ಯಾವ ಸೀಮೆ ಹೆಣ್ಣು ತಂದ್ಯೋ ಮಾದೇವ, ಉಣ್ಣಾಕೂ ಕಲಿಸ್ಬೇಕಲ್ಲೋ!"

ಆ ಮನೆಯಲ್ಲಿ ಮೀನು, ಮೊಟ್ಟೆ ಎನ್ನುವ ಮಾತನ್ನೂ ಆಡುವಂತಿರಲಿಲ್ಲ. ಕೊಬ್ಬರಿ ಎಣ್ಣೆಯಲ್ಲಿ ಒಗ್ಗರಣೆ ಹಾಕಿದೆ; ತಲೆಗೆ ಹಚ್ಚುವ ಎಣ್ಣೆಯಲ್ಲಿ ಅಡುಗೆ ಮಾಡಿದಳೆಂದು ಅತ್ತೆ ಎರಡು ದಿನ ಬರೀ ಮಜ್ಜಿಗೆ ಕುಡಿದರು. ತವರಿಗೆ ಹೋಗಿ ಬಂದರೆ ಮುಂಬಾಗಿಲಿನಿಂದ ಒಳಗೆ ಬರುವಂತಿಲ್ಲ. ನಾನು ಬಸ್ಸಿಳಿಯುವ ಹೊತ್ತಿಗೆ ಹಿತ್ತಲಿನ ಹಂಡೆಯಲ್ಲಿ ನೀರು ಕುದಿಯುತ್ತಿರುತ್ತಿತ್ತು. ಬಚ್ಚಲ ಕಲ್ಲಿನ ಮೇಲೆ ಕೂರಿಸಿ ತಲೆಯ ಮೇಲೆ ಚೊಂಬು ಚೊಂಬು ಬಿಸಿನೀರು ಸುರಿಯುತ್ತಿದ್ದರು. ನಾನು ತಿಂದುಬಂದ ಮೀನೆಲ್ಲ ಕೂದಲಿನಿಂದ ಇಳಿದು ಹೋಗುತ್ತದೆ ಎಂಬುದು ಅವರ ಲೆಕ್ಕ. ಮೊದಮೊದಲು ನನಗೆ ಅಳು ಬರುತ್ತಿತ್ತು. ಆಮೇಲಾಮೇಲೆ, ಹೇಗೂ ತೊಳೆಯುತ್ತಾರಲ್ಲ ಎಂದು ಇನ್ನೆರಡು ತುಂಡು ಜಾಸ್ತಿಯೇ ತಿಂದು ಬರುತ್ತಿದ್ದೆ.

ಊರಿಗೆ ನಾನು ಓಮನಾ ಆಗಿರಲಿಲ್ಲ, ಮಲೆಯಾಳದೋಳು. ಮಲೆಯಾಳದವರಿಗೆಲ್ಲ ಮಾಟ ಮಂತ್ರ ಗೊತ್ತು ಎಂದು ಈ ಕಡೆಯ ಜನರಿಗೆ ಅದೆಷ್ಟು ನಂಬಿಕೆಯೆಂದರೆ, ಹಾಲು ಕೊಡದ ಎಮ್ಮೆಗೆ ದಾರ ಮಂತ್ರಿಸಿ ಕೊಡಿ ಎಂದು ಇಬ್ಬರು ಬಂದಿದ್ದರು. ನನಗೆ ಬರುತ್ತಿದ್ದುದು ಮಗ್ಗಿ ಮಾತ್ರ, ಅದೂ ಹದಿಮೂರರವರೆಗೆ. ಓಣಂ ಬಂದಾಗ ಮನೆ ಮುಂದೆ ಹೂವಿನ ರಂಗೋಲಿ ಹಾಕಿದೆ. ಜನ ಅದನ್ನು ಸುತ್ತಿ ಬಳಸಿ, ಚರಂಡಿ ದಾಟಿ ಓಡಾಡತೊಡಗಿದರು. ಕೊನೆಗೆ ಅತ್ತೆ ಮೊರ ತಂದು ಹೂವೆಲ್ಲ ಬಳಿದುಕೊಂಡರು. "ದ್ಯಾವ್ರಿಗಾರ ಆಯ್ತವೆ, ಬುಡು" ಎಂದು ಅವನ್ನೇ ಪೂಜೆಗಿಟ್ಟರು. ಬೀದಿಯವರು ಮತ್ತೆ ನೇರವಾಗಿ ನಡೆಯತೊಡಗಿದರು.

ಊರಿಗೆ ಅಂಗನವಾಡಿ ಬಂದಾಗ ಹತ್ತನೇ ತರಗತಿ ಪಾಸಾದ ಹೆಂಗಸು ನಾನೊಬ್ಬಳೇ ಇದ್ದೆ. ಪಾಸಾದದ್ದು ಮಲಯಾಳದಲ್ಲಿ. ಆಗ ಈಗಿನಷ್ಟು ಕಟ್ಟುನಿಟ್ಟು ಇರಲಿಲ್ಲ. ಕನ್ನಡ ಅಕ್ಷರವನ್ನು ಮಕ್ಕಳ ಜೊತೆಯಲ್ಲೇ ಕಲಿತೆ, ಒಂದು ದಿನ ಮುಂದೆ ಇರುತ್ತಿದ್ದೆ ಅಷ್ಟೆ. ಕೇಂದ್ರ ಇದ್ದದ್ದು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಅಂಟಿಕೊಂಡ ಒಂದು ಕೋಣೆಯಲ್ಲಿ. ಅದು ಮೇಲ್ಬೀದಿಯ ಯಜಮಾನರಾದ ಶಿವನಂಜಪ್ಪನವರದು. ನಮ್ಮತ್ತೆಗೆ ಅವರು ದಾಯಾದಿ ತಮ್ಮ. ಸೀಸನ್ನಿನಲ್ಲಿ ನಮ್ಮ ಮಕ್ಕಳೆಲ್ಲ ಹೊಗೆಸೊಪ್ಪಿನ ವಾಸನೆ ಹೊಡೆಯುತ್ತಿದ್ದವು. ಆದರೂ ಅಲ್ಲಿಗೆ ಹೋದರೆ ನನಗೆ ಉಸಿರಾಡಿದ ಹಾಗಾಗುತ್ತಿತ್ತು. ಆ ಕೋಣೆಯೊಳಗೆ ನಾನು ಯಾರ ಹೆಂಡತಿಯೂ ಅಲ್ಲ, ಯಾವ ಸೀಮೆಯವಳೂ ಅಲ್ಲ. ಟೀಚರ್.

ಇನ್ನು ತೂಕದ ವಿಷಯ. ಈಗ ನಿಮಗೆ ಮೊಬೈಲು ಬಂದಿದೆ. ತೂಕ ಒತ್ತಿದರೆ ಅದೇ ಹಸಿರು, ಹಳದಿ, ಕೆಂಪು ತೋರಿಸುತ್ತದೆ. ನೆಟ್‌ವರ್ಕ್ ಇಲ್ಲದಿದ್ದರೆ ನೀರಿನ ಟ್ಯಾಂಕ್ ಹತ್ತುತ್ತೀರಿ. ನಮಗೆ ತೊಲೆಗೆ ನೇತುಹಾಕುವ ತಕ್ಕಡಿ ಇತ್ತು. ಮಗುವನ್ನು ಚಡ್ಡಿಯಂಥ ಚೀಲಕ್ಕಿಳಿಸಿ ನೇತುಹಾಕಿದರೆ ಅದು ಗಾಳಿಯಲ್ಲಿ ಕೈಕಾಲು ಬಡಿದು ಊರೇ ಕೇಳುವಂತೆ ಕಿರುಚುತ್ತಿತ್ತು. ಮುಳ್ಳು ನಿಂತ ಕ್ಷಣದಲ್ಲಿ ನೋಡಿ ಬರೆಯಬೇಕು. ಬರೆಯಲು ಕೂತರೆ ಅಜ್ಜಿಯರು ಮುತ್ತಿಕೊಳ್ಳುತ್ತಿದ್ದರು.

"ಜೋರಾಗಿ ಯೋಳ್ಬ್ಯಾಡ ಟೀಚರಮ್ಮ, ದೃಷ್ಟಿಯಾಯ್ತದೆ! ಒಂದು ಕೇಜಿ ಕಮ್ಮಿ ಬರ್ಕಳವ್ವ."

ಬೆಳೆಯುವ ಮಗುವಿನ ತೂಕವನ್ನು ಇದ್ದ ಹಾಗೆ ಹೇಳಬಾರದು, ಬರೆಯಲಂತೂ ಬಾರದು. ಒಂದು ಅಜ್ಜಿ ಕೈ ಹಿಡಿದುಕೊಂಡಿತು, ಇನ್ನೊಂದು ಅಜ್ಜಿ ಕಣ್ಣೀರು ಹಾಕಿತು. ಮಲೆಯಾಳದೋಳ ಕಣ್ಣು ಮೊದಲೇ ಕೆಟ್ಟದ್ದೆಂದು ಊರು ತಿಳಿದಿದೆ. ನಾಳೆ ಯಾವುದಾದರೂ ಮಗುವಿಗೆ ನೆಗಡಿಯಾದರೆ ಕಾರಣ ನಾನೇ. ಒಂದು ಕೆಜಿ ತಾನೇ ಎಂದುಕೊಂಡೆ. ಒಬ್ಬರಿಗೆ ಬರೆದ ಮೇಲೆ ಇನ್ನೊಬ್ಬರಿಗೆ ಬೇಡ ಎನ್ನಲಾಗಲಿಲ್ಲ. ಎಲ್ಲರಿಗೂ ಒಂದೊಂದು ಕೆಜಿ ಕಮ್ಮಿ ಬರೆದೆ, ತಿಂಗಳು ತಿಂಗಳು, ನೀಟಾಗಿ, ದುಂಡಗಿನ ಅಕ್ಷರದಲ್ಲಿ.

ನೀವು ಈಗ ನಗುತ್ತಿದ್ದೀರಿ. ನಾನು ಅವತ್ತು ನಗಲಿಲ್ಲ. ರಿಜಿಸ್ಟರು ಮೇಲಕ್ಕೆ ಹೋಯಿತು. ಆ ರಿಜಿಸ್ಟರಿನ ಪ್ರಕಾರ ನಮ್ಮ ಊರಿನ ಅಷ್ಟೂ ಮಕ್ಕಳು ಅಪೌಷ್ಟಿಕ. ಒಂದು ದಿನ ಮೇಲ್ವಿಚಾರಕಿ ಮೇಡಂ ಸ್ಕೂಟರಿನಲ್ಲಿ ಬಂದಿಳಿದರು. ನಾಯಿಗೆ ಹೆದರುವ ಹೆಂಗಸು. ಸ್ಕೂಟರ್ ನಿಲ್ಲಿಸಿದ ಕೂಡಲೇ ಓಡಿ ಒಳಗೆ ಬರುತ್ತಿದ್ದರು, ಆಮೇಲೆ ಅಧಿಕಾರ ಶುರು. ಬಂದವರು ಮಕ್ಕಳನ್ನು ನೋಡಿದರು. ಗುಂಡುಗುಂಡಗಿನ ಮಕ್ಕಳು ಉಪ್ಪಿಟ್ಟು ಮೆಲ್ಲುತ್ತಾ ಅವರನ್ನು ನೋಡಿದವು.

"ಇವೇನಾ ಓಮನಾ, ಅಪೌಷ್ಟಿಕ ಮಕ್ಕಳು?"

ನಾನು ತಪ್ಪೊಪ್ಪಿಕೊಂಡೆ. ಮೇಡಂ ತಲೆ ಮೇಲೆ ಕೈ ಹೊತ್ತು ಕೂತರು. "ನಿಮ್ಮ ಕೇಂದ್ರಕ್ಕೆ ಮೊಟ್ಟೆ ಮಂಜೂರಾಗಿಬಿಟ್ಟಿದೆ ಕಣ್ರೀ. ಈಗ ಒಂದೇ ಸಲ ತೂಕ ಸರಿ ಬರೆದರೆ ಮಕ್ಕಳು ಮೊಟ್ಟೆ ಹೆಸರು ಕೇಳಿಯೇ ದಪ್ಪಗಾದವು ಅನ್ನಬೇಕಾಗುತ್ತೆ. ಸುಮ್ಮನೆ ಮೊಟ್ಟೆ ಬೇಯಿಸಿ. ತಿಂಗಳು ತಿಂಗಳು ನಿಧಾನಕ್ಕೆ ಸರಿ ತೂಕಕ್ಕೆ ತನ್ನಿ."

ಮೊಟ್ಟೆ ಆಟೋದಲ್ಲಿ ಬಂದ ದಿನವೇ ಮೇಲ್ಬೀದಿಯ ಮಕ್ಕಳೆಲ್ಲ ಮನೆಯಲ್ಲಿ ಉಳಿದವು. ಕೆಳಬೀದಿಯ ಮಕ್ಕಳು ಮಾತ್ರ ಬಂದವು. ಮೇಡಂ ಈ ಸಲ ಗಂಭೀರವಾಗಿ ಹೇಳಿದರು, ಹಾಜರಾತಿ ಹೀಗೇ ಇದ್ದರೆ ಕೇಂದ್ರವನ್ನು ಪಕ್ಕದ ಊರಿನದಕ್ಕೆ ಸೇರಿಸಿಬಿಡುತ್ತಾರೆ, ಅಲ್ಲಿ ಟೀಚರ್ ಆಗಲೇ ಇದ್ದಾರೆ. ಹಾಗೆಂದರೆ ನಾನು ಮನೆಗೆ. ಮತ್ತೆ ಮಲೆಯಾಳದೋಳು, ಮುದ್ದೆ ಅಗಿದವಳು.

ಮನೆಗೆ ಬಂದು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಗುರುಮಲ್ಲಮ್ಮನವರು ಸೊಪ್ಪು ಸೋಸುತ್ತಾ ಎಲ್ಲ ಕೇಳಿಸಿಕೊಂಡರು. ಕೊನೆಗೆ ಕೇಳಿದ್ದು ಒಂದೇ ಮಾತು. "ಮೊಟ್ಟೆ ಒಲೆ ಬ್ಯಾರೆ, ಪಾತ್ರೆ ಬ್ಯಾರೆ ಮಾಡೀಯಾ?"

ಮಾರನೆಯ ದಿನದಿಂದ ಅತ್ತೆ ಅಂಗನವಾಡಿಯ ಹೊಸ್ತಿಲ ಮೇಲೆ ಕೂತರು. ಕೈಯಲ್ಲಿ ಕೋಲು, ಹಣೆಯಲ್ಲಿ ಮೂರು ಬೆರಳಿನ ವಿಭೂತಿ. ಗುರುಮಲ್ಲಮ್ಮ ಕಾವಲು ಕೂತವಳೆ ಎಂದ ಮೇಲೆ ಮೇಲ್ಬೀದಿಗೆ ಧೈರ್ಯ ಬಂತು. ಒಬ್ಬೊಬ್ಬರಾಗಿ ಮಕ್ಕಳನ್ನು ಕಳಿಸಿದರು. ವ್ಯವಸ್ಥೆ ಹೀಗಿತ್ತು: ಆಚೆ ಹೊಂಗೆ ಮರದ ಕೆಳಗೆ ಮೂರು ಕಲ್ಲಿನ ಒಲೆ ಹೂಡಿ ಸಹಾಯಕಿ ಮೊಟ್ಟೆ ಬೇಯಿಸುವುದು, ಕೆಳಬೀದಿ ಮಕ್ಕಳು ಅಲ್ಲೇ ಕೂತು ತಿನ್ನುವುದು. ಮೇಲ್ಬೀದಿ ಮಕ್ಕಳಿಗೆ ಕೋಣೆಯೊಳಗೆ ಬಾಳೆಹಣ್ಣು. ಒಂದೇ ಹಾಡು ಹೇಳುವ ಮಕ್ಕಳನ್ನು ತಿನ್ನುವಾಗ ಹೀಗೆ ಬೇರೆ ಮಾಡುವುದು ನನಗೆ ಹಿಡಿಸಲಿಲ್ಲ, ಈಗಲೂ ಹಿಡಿಸುವುದಿಲ್ಲ. ಆದರೆ ಹಾಡಾದರೂ ಒಟ್ಟಿಗೆ ಹೇಳಲಿ ಎಂದು ಹಲ್ಲು ಕಚ್ಚಿಕೊಂಡೆ.

ಬಾಗಿಲಿಗೆ ಅತ್ತೆ ಕಾವಲಿದ್ದರು. ಕಿಟಕಿಗೆ ಯಾರೂ ಇರಲಿಲ್ಲ.

ಶಿವನಂಜಪ್ಪನವರ ಮೊಮ್ಮಗಳು ಸಿಂಚನಾ ಎಂಬ ನಾಲ್ಕು ವರ್ಷದ ಹುಡುಗಿ ಇದ್ದಳು. ನಾನು ಕಮ್ಮಿ ಬರೆಯದೆಯೂ ಕಮ್ಮಿ ಇದ್ದವಳು ಊರಿಗೆಲ್ಲ ಅವಳೊಬ್ಬಳೇ. ಕೈಕಾಲು ಕಡ್ಡಿ, ಕಣ್ಣು ಮಾತ್ರ ದೊಡ್ಡವು. ಒಂದು ದಿನ ನೋಡುತ್ತೇನೆ, ಕಿಟಕಿಯ ಸರಳಿನ ಈಚೆಯಿಂದ ಅವಳ ಬಾಳೆಹಣ್ಣು ಆಚೆಗೆ ಹೋಯಿತು, ಆಚೆಯಿಂದ ಸುಲಿದ ಮೊಟ್ಟೆಯೊಂದು ಒಳಗೆ ಬಂತು. ಎರಡೇ ತುತ್ತು. ಕೆನ್ನೆಯ ಮೇಲೆಲ್ಲ ಹಳದಿ.

ನಾನು ಕೂಗಬಹುದಿತ್ತು. ಕೂಗಲಿಲ್ಲ. ಗೋಡೆಯ ಕಡೆ ತಿರುಗಿ, ನೆಟ್ಟಗೇ ಇದ್ದ ಅಕ್ಷರಮಾಲೆಯ ಚಾರ್ಟನ್ನು ಇನ್ನೂ ನೆಟ್ಟಗೆ ಮಾಡಿದೆ. ಮುಖ ತೊಳೆಸಿ ಮನೆಗೆ ಕಳಿಸಿದೆ. ಹುಡುಗಿಯರೇ, ಅವತ್ತು ನಾನು ಮಾಡಿದ್ದು ತಪ್ಪು. ನನ್ನನ್ನು ನಂಬಿ ಕಳಿಸಿದ ಮನೆಯವರು ಅವರು. ಏನಿದ್ದರೂ ತಾಯಿಯ ಹತ್ತಿರ ಕೂತು ಮಾತಾಡಬೇಕಿತ್ತು. ಆದರೆ ಆ ಮಗು ಬೆರಳು ಚೀಪುತ್ತಿದ್ದುದನ್ನು ನೋಡಿ ನನಗೆ ಸಂತೋಷವಾಯಿತು ಎಂಬುದನ್ನೂ ಬಚ್ಚಿಡುವುದಿಲ್ಲ.

ಸಿಂಚನಾ ಮನೆಗೆ ಹೋದವಳು ಊಟದ ಹೊತ್ತಿಗೆ ಹಟ ಹಿಡಿದಳಂತೆ. "ಒಳಗೆ ಅರಿಶಿನ ಇರೋ ಬಿಳೀ ಹಣ್ಣು ಕೊಡು."

ಮಾರನೆಯ ಬೆಳಿಗ್ಗೆ ಶಿವನಂಜಪ್ಪನವರು ಮೇಲ್ಬೀದಿಯ ನಾಲ್ಕೈದು ಮಂದಿ ಹಿರಿಯರನ್ನು ಕಟ್ಟಿಕೊಂಡು ಬಂದರು. ಕೈಯಲ್ಲಿ ಬೀಗ ಇತ್ತು. ಕೂಗಾಡಲಿಲ್ಲ, ಅದರಿಂದಲೇ ಹೆಚ್ಚು ಭಯವಾಯಿತು.

"ನಮ್ಮ ಕೂಸಿಗೆ ಮೊಟ್ಟೆ ಕೊಟ್ಟೋರು ಯಾರು? ಅಷ್ಟು ಯೋಳ್ಬುಡಿ ಟೀಚರಮ್ಮ. ನೀವು ತಿನ್ನೋ ಜನ, ನಿಮಗೆ ಅದು ದೊಡ್ದಲ್ಲ. ನಮಗೆ ದೊಡ್ದು. ನೀವು ಕೊಟ್ಟಿದ್ರೆ ಈ ಕೋಣೆ ಇವತ್ತಿಗೆ ಮುಗೀತು."

ಮಕ್ಕಳು ಕೊಟ್ಟುಕೊಂಡರು ಎನ್ನಬಹುದಿತ್ತು. ಎಂದರೆ ಕೆಳಬೀದಿಯ ಆ ಮಗುವಿನ ಮನೆ ಮುಂದೆ ಇದೇ ಗುಂಪು ಹೋಗಿ ನಿಲ್ಲುತ್ತದೆ. ನಾನು ನೋಡಿಯೂ ಸುಮ್ಮನಿದ್ದೆ ಎಂದರೆ ಕೇಂದ್ರ ಹೋಗುತ್ತದೆ. ನಾನು ಬೀಗವನ್ನೇ ನೋಡುತ್ತಾ ಎರಡನ್ನೂ ತೂಗುತ್ತಿದ್ದೆ.

"ನಾನೇ ಕಣ್ಲಾ ನಂಜಪ್ಪ ಕೊಟ್ಟೋಳು," ಎಂದಿತು ಹೊಸ್ತಿಲು.

ಎಲ್ಲರೂ ತಿರುಗಿದರು. ಅತ್ತೆ ಕೋಲೂರಿ ಎದ್ದು ನಿಂತರು. "ಜಗಲಿ ಮ್ಯಾಲೆ ಯಾರೋ ಮಡಗಿದ್ರು. ಸುಲಿದ ಗೆಣಸು ಅಂದ್ಕಂಡು ಕೂಸಿನ ಕೈಗೆ ಕೊಟ್ಬುಟ್ಟೆ. ಕಣ್ಣು ಮಬ್ಬಾಗವೆ ಕಣ್ಲಾ, ಏನ್ ಮಾಡ್ಲಿ?"

ಬೀದಿಯ ಆ ತುದಿಯಲ್ಲಿ ಕುಂಟುವ ಎತ್ತಿನ ಯಾವ ಕಾಲಿಗೆ ಮುಳ್ಳು ಹೊಕ್ಕಿದೆ ಎಂದು ಜಗಲಿಯಿಂದಲೇ ಹೇಳುವ ಕಣ್ಣು ಅವು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

"ನೀನಾ ಅಕ್ಕ? ನೀನು ಅದನ್ನ ಮುಟ್ಟುದ್ಯಾ?" ಶಿವನಂಜಪ್ಪನವರ ಕೈಯ ಬೀಗ ಕೆಳಗಿಳಿಯಿತು. ನನ್ನ ಮೇಲೆ ಬರಬಹುದಾದ ಸಿಟ್ಟನ್ನು ಅಕ್ಕನ ಮೇಲೆ ತೋರಿಸಲು ಅವರಿಗಾಗಲಿಲ್ಲ. "ಹೋಗ್ಲಿ ಬುಡು, ತಿಳೀದೆ ಆದದ್ದು. ಮನೆಗೋಗಿ ತಲೆ ಮ್ಯಾಲೆ ನೀರು ಉಯ್ಕೊ, ನಡಿ."

ಅವತ್ತು ಹಂಡೆಗೆ ಉರಿ ಹಾಕಿದ್ದು ನಾನು. ಬಚ್ಚಲ ಕಲ್ಲಿನ ಮೇಲೆ ಕೂತವರು ಅತ್ತೆ. ಚೊಂಬು ಹಿಡಿದವಳು ನಾನು. ಎರಡು ಚೊಂಬು ಸುರಿದ ಮೇಲೆ ಕೇಳಿದೆ, "ಅತ್ತೆ, ಯಾಕೆ ಹಾಗೆ ಹೇಳಿದ್ರಿ?"

"ನೀನು ಗ್ವಾಡೆ ಕಡೀಕೆ ಮಕ ತಿರುಗ್ಸುದ್ನ ನಾನ್ ನೋಡ್ನಿಲ್ವಾ?" ಅವರು ಕಣ್ಣು ಮುಚ್ಚಿಕೊಂಡೇ ಹೇಳಿದರು. "ನಾನೂ ಬೀದಿ ಕಡೀಕೆ ತಿರುಗ್ಸುದೆ. ಆ ಕೂಸು ಒಣಗೋಗದೆ ಕಣೆ. ಇನ್ನೆಲ್ಡು ಚೊಂಬು ಜಾಸ್ತಿ ಉಯ್ಯಿ. ಅದು ನಿನ್ ಪಾಲ್ದು."

ಹಬೆಯಲ್ಲಿ ನಾನು ಅತ್ತದ್ದು ಅವರಿಗೆ ಕಾಣಲಿಲ್ಲ ಎಂದುಕೊಂಡಿದ್ದೇನೆ.

ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಶಿವನಂಜಪ್ಪನವರು ಒಳ್ಳೆಯ ಮನುಷ್ಯ. ಅಕ್ಕನ ಕಣ್ಣು ಹೋಗುತ್ತಿದೆ ಎಂದು ಅವರಿಗೆ ನಿದ್ದೆ ಬರಲಿಲ್ಲ. ಮುಂದಿನ ವಾರ ತಮ್ಮದೇ ಕಾರಿನಲ್ಲಿ ಹುಣಸೂರಿನ ಕಣ್ಣಿನ ಶಿಬಿರಕ್ಕೆ ಕರೆದುಕೊಂಡು ಹೊರಟರು. ಜೊತೆಗೆ ನಾನು. ಓದು ಬಾರದವರಿಗೆ ಅಲ್ಲೊಂದು ಹಲಗೆ ಇರುತ್ತದೆ. ಮೂರು ಹಲ್ಲಿನ ಬಾಚಣಿಗೆಯಂಥ ಗುರುತು ಯಾವ ಕಡೆ ಮುಖ ಮಾಡಿದೆ ಎಂದು ಕೈಯಲ್ಲಿ ತೋರಿಸಬೇಕು. ಪಕ್ಕದಲ್ಲಿ ಶಿವನಂಜಪ್ಪನವರು ನಿಂತಿದ್ದಾರೆ. ಅತ್ತೆ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಗುರುತು ಬಲಕ್ಕಿದ್ದರೆ ಎಡಕ್ಕೆ, ಮೇಲಕ್ಕಿದ್ದರೆ ಕೆಳಕ್ಕೆ ಕೈ ತೋರಿಸುತ್ತಾ ಹೋದರು. ಒಂದೂ ಸರಿ ಇಲ್ಲ. ಅಷ್ಟು ಕರಾರುವಾಕ್ಕಾಗಿ ತಪ್ಪು ಹೇಳಬೇಕಾದರೆ ಎಲ್ಲವೂ ಸರಿಯಾಗಿ ಕಾಣಬೇಕು ಎನ್ನುವುದು ಡಾಕ್ಟರಿಗೆ ಹೊಳೆಯಲಿಲ್ಲ, ಹಿಂದೆ ದೊಡ್ಡ ಸಾಲು ಇತ್ತು.

ಸೀಸೆಯ ತಳದಷ್ಟು ದಪ್ಪದ ಕನ್ನಡಕ ಬಂತು. ಚೆನ್ನಾಗಿ ಕಾಣುವ ಕಣ್ಣಿಗೆ ಅದನ್ನು ಹಾಕಿಕೊಂಡರೆ ಲೋಕವೆಲ್ಲ ವಾಲಾಡುತ್ತದೆ. ಅತ್ತೆ ಅದನ್ನು ಹಾಕಿಕೊಂಡೇ ಹೊಸ್ತಿಲ ಕಾವಲಿಗೆ ಬಂದರು. ಕರೆಂಟು ಕಂಬವನ್ನು "ಯಾರ್ಲಾ ಅದು, ನಿಂತೇ ಇದ್ದೀಯಲ್ಲ, ಕೂತ್ಕ" ಎಂದು ಗದರಿದರು. ಅದು ನಾಟಕವೋ ಕನ್ನಡಕದ ಮಹಿಮೆಯೋ ನನಗೆ ಇವತ್ತಿಗೂ ತಿಳಿಯದು. ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಮಾತ್ರ ಕದ ಮುಂದೆ ಮಾಡಿ, ಕನ್ನಡಕ ತೆಗೆದು ಮೊರದ ಪಕ್ಕಕ್ಕಿಡುತ್ತಿದ್ದರು.

ಕೇಂದ್ರ ಉಳಿಯಿತು. ನಾನು ಸಿಂಚನಾಳ ತಾಯಿಯನ್ನು ಕೂರಿಸಿಕೊಂಡು ಮಾತಾಡಿದೆ. ಹಾಲು, ಕಡಲೆಬೀಜ, ಬೆಲ್ಲ, ಮೊಳಕೆ ಕಾಳು ಶುರುವಾಯಿತು. ಹುಡುಗಿ ತುಂಬಿಕೊಂಡಳು. ಈಗ ಪಿರಿಯಾಪಟ್ಟಣದಲ್ಲಿ ಕಾಲೇಜಿಗೆ ಹೋಗುತ್ತಾಳೆ, ದುಂಡಗಿದ್ದಾಳೆ. ಅಲ್ಲಿ ಏನು ತಿನ್ನುತ್ತಾಳೋ ನಾನು ಕೇಳಿಲ್ಲ. ತೂಕವನ್ನು ಮಾತ್ರ, ಒಮ್ಮೆ ಸರಿಗೆ ತಂದ ಮೇಲೆ, ಎಂದೂ ಕಮ್ಮಿ ಬರೆಯಲಿಲ್ಲ. ಅಜ್ಜಿಯರು ಬಂದರೆ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದೆ, ಪುಸ್ತಕದಲ್ಲಿ ಇದ್ದದ್ದನ್ನೇ ಬರೆಯುತ್ತಿದ್ದೆ. ನೀವೂ ಹಾಗೇ ಮಾಡಿ. ಗುಟ್ಟಾಗಿ ಹೇಳಿದ ತೂಕಕ್ಕೆ ದೃಷ್ಟಿ ತಾಗುವುದಿಲ್ಲ ಎಂದು ಅಜ್ಜಿಯರೇ ಒಪ್ಪಿದ್ದಾರೆ.

ಇನ್ನೊಂದು ಸಂಗತಿ ಬರೆದರೆ ಮುಗಿಯಿತು. ಕನ್ನಡಕ ಬಂದು ಒಂದೆರಡು ತಿಂಗಳಾಗಿರಬೇಕು, ಅಣ್ಣನ ಮಗಳ ಮದುವೆಗೆ ತವರಿಗೆ ಹೋದೆ. ಮೂರು ದಿನ ಹೊಟ್ಟೆ ತುಂಬಾ ಮೀನು ಸಾರು ಉಂಡೆ. ಬಸ್ಸಿಳಿದು, ಅಭ್ಯಾಸದಂತೆ ಮನೆಯ ಪಕ್ಕದಿಂದ ಸುತ್ತಿ ಹಿತ್ತಲಿಗೆ ಹೋಗಿ ನಿಂತೆ. ಹಂಡೆಯ ಒಲೆಯಲ್ಲಿ ಉರಿ ಇರಲಿಲ್ಲ, ಬೂದಿ ತಣ್ಣಗಿತ್ತು. ಅತ್ತೆ ಹಿತ್ತಲ ಬಾಗಿಲಲ್ಲಿ ಕನ್ನಡಕ ಹಾಕಿಕೊಂಡು ಅವರೆಕಾಯಿ ಸುಲಿಯುತ್ತಾ ಕೂತಿದ್ದರು.

"ಅತ್ತೆ, ನೀರು ಕಾಯ್ಸಿಲ್ವಾ?"

"ಯಾಕವ್ವ ನೀರು?"

"ಊರಿಂದ ಬಂದೆ..."

ಅವರು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಅದರ ಮೇಲಿನಿಂದ ನನ್ನನ್ನು ತಲೆಯಿಂದ ಕಾಲಿನವರೆಗೆ ಒಂದು ಸಲ ನೋಡಿದರು. ಮತ್ತೆ ಮೇಲಕ್ಕೆ ಸರಿಸಿಕೊಂಡರು.

"ನಾನು ಕಣ್ಣು ಕಾಣ್ದಿರೋ ಮುದ್ಕಿ. ನೀನು ಏನ್ ತಿಂದ್ಕಂಡ್ ಬಂದಿದ್ದೀಯೆ ಅಂತ ನಂಗೆಂಗೆ ಗೊತ್ತಾದದು? ಒಳೀಕೆ ಬಾ, ಮುದ್ದೆ ಆರೋಯ್ತದೆ."